ಅಂತರ್ಜಾಲದ ಹಕ್ಕು ಮತ್ತು ಮನೆಯೊಳಗಿನ ಬೀಗ

1991ರಲ್ಲಿ ಯುಗೊಸ್ಲಾವಿಯಾ ಒಡೆದು ಯುದ್ಧ ಹೊತ್ತಿಕೊಂಡಾಗ ಕ್ರೊಯೇಶಿಯಾ ಮತ್ತು ಸರ್ಬಿಯಾದ ನಡುವಿನ ದೂರವಾಣಿ ಸಂಪರ್ಕವನ್ನು ಕಡಿದು ಹಾಕಲಾಯಿತು. ನಿನ್ನೆಯವರೆಗೆ ಒಂದೇ ದೇಶದ ಪ್ರಜೆಗಳಾಗಿದ್ದವರು, ಬಂಧುಗಳಾಗಿದ್ದವರು ಪರಸ್ಪರ ಮಾತನಾಡಲಾಗದ ಸ್ಥಿತಿ ನಿರ್ಮಾಣವಾಯಿತು. ಆದರೆ ಆ ಎರಡೂ ಕಡೆಯಿಂದ ಮೂರನೆಯ ದೇಶಕ್ಕೆ ಕರೆ ಮಾಡಲು ಸಾಧ್ಯವಿತ್ತು. ಈ ಒಂದು ಸಣ್ಣ ಕಿಂಡಿಯನ್ನು ಶಾಂತಿ ಕಾರ್ಯಕರ್ತರು ಉಪಯೋಗಿಸಿಕೊಂಡರು. 1992ರಲ್ಲಿ ಝಾಗ್ರೆಬ್ ಮತ್ತು ಬೆಲ್‌ಗ್ರೇಡ್ ನಗರಗಳಲ್ಲಿ ಸಾಧಾರಣ ಕಂಪ್ಯೂಟರ್‌ಗಳನ್ನಿಟ್ಟು, ಜರ್ಮನಿಯ ಬೀಲೆಫೆಲ್ಡ್ ಎಂಬ ಊರಿನ ಕಂಪ್ಯೂಟರಿನ ಮೂಲಕ ಪತ್ರಗಳನ್ನು ದಾಟಿಸತೊಡಗಿದರು. ಆ ಜಾಲಕ್ಕೆ ಅವರಿಟ್ಟ ಹೆಸರು 'ಝಾಮಿರ್'. 'ಶಾಂತಿಗಾಗಿ' ಎಂಬುದು ಅದರ ಅರ್ಥ. ಮುಂದೆ ಅದು ಮುತ್ತಿಗೆಗೊಳಗಾಗಿದ್ದ ಸರಾಯೆವೊ ನಗರವನ್ನೂ ತಲುಪಿತು. ಶೆಲ್ ದಾಳಿಯ ನಡುವೆ ನೆಲಮಾಳಿಗೆಗಳಲ್ಲಿ ದಿನ ದೂಡುತ್ತಿದ್ದ ಬೋಸ್ನಿಯಾದ ಕುಟುಂಬಗಳು, ಚದುರಿ ಹೋದ ತಮ್ಮವರು ಬದುಕಿದ್ದಾರೆಯೇ ಎಂದು ತಿಳಿದುಕೊಂಡದ್ದು ಬೆರಳೆಣಿಕೆಯ ದೂರವಾಣಿ ತಂತಿಗಳ ಮೂಲಕ ಹರಿದು ಬಂದ ಆ ಪತ್ರಗಳಿಂದ.

ಝಾಮಿರ್ ಒಂಟಿಯಾಗಿರಲಿಲ್ಲ. ಅದರ ಬೆನ್ನಿಗೆ ಜಾಗತಿಕ ನಾಗರಿಕ ಸಂಘಟನೆಗಳ ಒಂದು ದೊಡ್ಡ ಜಾಲವಿತ್ತು. ಅದುವೇ ಅಸೋಸಿಯೇಶನ್ ಫಾರ್ ಪ್ರೋಗ್ರೆಸಿವ್ ಕಮ್ಯುನಿಕೇಶನ್ಸ್, ಸಂಕ್ಷಿಪ್ತವಾಗಿ ಎಪಿಸಿ. 1990ರಲ್ಲಿ ಅಮೆರಿಕ, ಬ್ರಿಟನ್, ಸ್ವೀಡನ್, ಕೆನಡಾ, ಬ್ರೆಝಿಲ್, ನಿಕರಾಗುವ ಮತ್ತು ಆಸ್ಟ್ರೇಲಿಯಾಗಳ ಏಳು ಸಂಸ್ಥೆಗಳು ಸೇರಿ ಇದನ್ನು ಕಟ್ಟಿದವು. ಅಂತರ್ಜಾಲವೆಂಬ ಹೆಸರನ್ನು ಜನಸಾಮಾನ್ಯರು ಇನ್ನೂ ಕೇಳಿರದ ಕಾಲವದು. ಯುದ್ಧ ವಿರೋಧಿಗಳು, ಪರಿಸರವಾದಿಗಳು, ಮಾನವ ಹಕ್ಕು ಹೋರಾಟಗಾರರು ಕಡಿಮೆ ಖರ್ಚಿನಲ್ಲಿ ಪರಸ್ಪರ ಸಂಪರ್ಕದಲ್ಲಿರಬೇಕು ಎಂಬುದಷ್ಟೇ ಆರಂಭದ ಉದ್ದೇಶವಾಗಿತ್ತು. 1992ರಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ಭೂಮಿ ಶೃಂಗಸಭೆಗೆ ಸಂಪರ್ಕ ಸೌಲಭ್ಯ ಒದಗಿಸಿದ್ದು ಈ ಜಾಲ. 1995ರಲ್ಲಿ ಬೀಜಿಂಗ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನದಲ್ಲಿ ಮಹಿಳೆಯರೇ ಇದ್ದ ಇದರ ತಂಡವು ಕಂಪ್ಯೂಟರ್‌ಗಳನ್ನು ಜೋಡಿಸಿ, ಅದುವರೆಗೆ ಇ-ಮೇಲ್ ಕಂಡಿರದ ಅನೇಕ ಸ್ತ್ರೀಯರಿಗೆ ಅದನ್ನು ಬಳಸಲು ಕಲಿಸಿತು.

ಕಾಲ ಬದಲಾಯಿತು. ತಂತಿ ಎಳೆಯುವ ಕೆಲಸವನ್ನು ದೊಡ್ಡ ಕಂಪೆನಿಗಳು ವಹಿಸಿಕೊಂಡವು. ಆಗ ಎಪಿಸಿ ಇನ್ನೊಂದು ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಈ ತಂತಿ ಯಾರ ಮನೆಯವರೆಗೆ ಬರುತ್ತದೆ? ಬಂದ ಮೇಲೆ ಅದರ ಮೇಲೆ ಯಾರ ಕಾವಲು? ಏಶ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಮತ್ತು ಯುರೋಪಿನಲ್ಲಿ 2001 ಮತ್ತು 2002ರಲ್ಲಿ ನಡೆದ ಸಮಾಲೋಚನೆಗಳ ಫಲವಾಗಿ ಅದು ಅಂತರ್ಜಾಲ ಹಕ್ಕುಗಳ ಸನ್ನದೊಂದನ್ನು ಸಿದ್ಧಪಡಿಸಿ, 2006ರಲ್ಲಿ ಪರಿಷ್ಕರಿಸಿತು. ಎಲ್ಲರಿಗೂ ಅಂತರ್ಜಾಲ ಲಭ್ಯತೆ, ಅಭಿವ್ಯಕ್ತಿ ಮತ್ತು ಸಂಘಟನೆಯ ಸ್ವಾತಂತ್ರ್ಯ, ಜ್ಞಾನದ ಲಭ್ಯತೆ, ಖಾಸಗಿತನ ಮತ್ತು ಕಣ್ಗಾವಲಿನಿಂದ ರಕ್ಷಣೆ ಮುಂತಾದವು ಅದರಲ್ಲಿವೆ. ಲಭ್ಯತೆ ಮತ್ತು ಹಕ್ಕು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುದೇ ಆ ಸನ್ನದಿನ ಮಹತ್ವ ಎಂದು ನಾವು ಭಾವಿಸುತ್ತೇವೆ. ಸಂಪರ್ಕವಿದ್ದು ಸ್ವಾತಂತ್ರ್ಯವಿಲ್ಲದಿದ್ದರೆ ಅದು ಗೂಢಚಾರಿಕೆಯ ಸಾಧನವಾಗುತ್ತದೆ. ಸ್ವಾತಂತ್ರ್ಯವಿದ್ದು ಸಂಪರ್ಕವಿಲ್ಲದಿದ್ದರೆ ಅದು ಉಳ್ಳವರ ಸ್ವಾತಂತ್ರ್ಯವಷ್ಟೇ ಆಗಿ ಉಳಿಯುತ್ತದೆ.

ಇದು ದೂರದ ದೇಶಗಳ ವಿಚಾರ, ನಮಗೇನು ಸಂಬಂಧ ಎಂದು ಕೇಳುವವರಿದ್ದಾರೆ. ಮಧ್ಯಪ್ರದೇಶದ ಚಂದೇರಿ ಪಟ್ಟಣವನ್ನು ನೋಡೋಣ. ಸೀರೆಗಳಿಗೆ ಹೆಸರಾದ ಈ ಊರಿನಲ್ಲಿ ಅನ್ಸಾರಿ ಮುಸ್ಲಿಮರೂ ಕೋಲಿ ಹಿಂದೂಗಳೂ ತಲೆತಲಾಂತರದಿಂದ ಮಗ್ಗ ನಡೆಸಿಕೊಂಡು ಬಂದಿದ್ದಾರೆ. ಎಪಿಸಿಯ ಭಾರತೀಯ ಸದಸ್ಯ ಸಂಸ್ಥೆಯಾಗಿರುವ, ಉಸಾಮಾ ಮಂಝರ್ ಅವರು 2002ರಲ್ಲಿ ಸ್ಥಾಪಿಸಿದ ದಿಲ್ಲಿಯ ಡಿಜಿಟಲ್ ಎಂಪವರ್‌ಮೆಂಟ್ ಫೌಂಡೇಶನ್ ಅಲ್ಲಿ 'ಚಂದೇರಿಯಾನ್' ಎಂಬ ಯೋಜನೆಯನ್ನು ಕೈಗೊಂಡು ನಿಸ್ತಂತು ಅಂತರ್ಜಾಲವನ್ನು ಒದಗಿಸಿತು. ಕಾಗದದ ಚೌಕಗಳಲ್ಲಿ ದಿನಗಟ್ಟಲೆ ಕುಳಿತು ಬಿಡಿಸಬೇಕಾಗಿದ್ದ ನೇಯ್ಗೆಯ ವಿನ್ಯಾಸಗಳು ಕಂಪ್ಯೂಟರಿಗೆ ಬಂದವು. ನೇಕಾರರ ಮನೆಯ ಯುವಕ ಯುವತಿಯರು ಆ ಕೆಲಸವನ್ನು ಕಲಿತರು. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತದ ಮಂಕೋಸಿ ಎಂಬ ಹಳ್ಳಿಯ ಜನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೌರಶಕ್ತಿಯಿಂದ ನಡೆಯುವ ತಮ್ಮದೇ ಸಂಪರ್ಕ ಜಾಲವನ್ನು ಕಟ್ಟಿಕೊಂಡು, 'ಝೆಂಝೆಲೆನಿ' ಎಂಬ ಸಹಕಾರಿ ಸಂಘದ ಮೂಲಕ ಅದನ್ನು ನಡೆಸುತ್ತಾ ಬಂದಿದ್ದಾರೆ. ಲಾಭ ಕಾಣದ ಕಡೆಗೆ ಕಂಪೆನಿಗಳು ಬಾರದಿದ್ದಾಗ ಜನರೇ ಸೇರಿ ಹಾಲಿನ ಸೊಸೈಟಿಯಂತೆ ಅಂತರ್ಜಾಲವನ್ನೂ ನಡೆಸಬಹುದು ಎಂಬುದನ್ನು ಅವರು ತೋರಿಸಿಕೊಟ್ಟರು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ ಜಗತ್ತಿನಲ್ಲಿ 260 ಕೋಟಿ ಜನರು ಅಂತರ್ಜಾಲದಿಂದ ಹೊರಗಿದ್ದರು. ಇವರಿಗಾಗಿ ಮಾತನಾಡುವವರು ಬೇಕಲ್ಲವೇ?

ಹಕ್ಕಿನ ಮಾತು ಬಂದಾಗ ನಮ್ಮ ದೇಶದ ಚಿತ್ರವು ಅಭಿಮಾನ ಪಡುವಂತಿಲ್ಲ. ಜನರು ಅಂತರ್ಜಾಲದ ಹೊರಗೆ ಹೊಂದಿರುವ ಹಕ್ಕುಗಳು ಅದರ ಒಳಗೂ ರಕ್ಷಿಸಲ್ಪಡಬೇಕು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯು 2012ರಲ್ಲಿ ನಿರ್ಣಯಿಸಿತು. ಉದ್ದೇಶಪೂರ್ವಕವಾಗಿ ಸಂಪರ್ಕ ಕಡಿಯುವ ಕ್ರಮಗಳನ್ನು 2016ರಲ್ಲಿ ಖಂಡಿಸಿತು. ಆದರೆ ಆಕ್ಸೆಸ್ ನೌ ಸಂಸ್ಥೆಯ ಲೆಕ್ಕದ ಪ್ರಕಾರ 2023ರಲ್ಲಿ ಭಾರತದಲ್ಲಿ 116 ಬಾರಿ, 2024ರಲ್ಲಿ 84 ಬಾರಿ ಅಂತರ್ಜಾಲ ಸ್ಥಗಿತಗೊಂಡಿತು. 2019ರ ಆಗಸ್ಟ್‌ನಲ್ಲಿ ಜಮ್ಮು ಕಾಶ್ಮೀರದಲ್ಲಿ ಕಡಿದ ಸಂಪರ್ಕದ ಪೈಕಿ 4ಜಿ ಸೇವೆ ಮರಳಿ ಬಂದದ್ದು 2021ರ ಫೆಬ್ರವರಿಯಲ್ಲಿ. ಕೊರೋನಾ ಕಾಲದಲ್ಲಿ ದೇಶದ ಇತರೆಡೆಯ ಮಕ್ಕಳು ಪರದೆಯ ಮುಂದೆ ಕುಳಿತು ಪಾಠ ಕೇಳುತ್ತಿದ್ದಾಗ ಅಲ್ಲಿನ ಮಕ್ಕಳು 2ಜಿ ವೇಗದಲ್ಲಿ ಒಂದು ಪುಟ ತೆರೆಯುವುದಕ್ಕಾಗಿ ಕಾಯುತ್ತಿದ್ದರು. ಮಂಗಳೂರಿಗೂ ಈ ಅನುಭವವಿದೆ. 2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದ ಬಳಿಕ, ಅಂದು ರಾತ್ರಿಯಿಂದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೊಬೈಲ್ ಅಂತರ್ಜಾಲವನ್ನು ನಿಲ್ಲಿಸಲಾಯಿತು. ಮನೆಯವರು ಎಲ್ಲಿದ್ದಾರೆಂದು ತಿಳಿಯುವ ಅತ್ಯಂತ ಅಗತ್ಯದ ಗಳಿಗೆಯಲ್ಲೇ ಒಂದು ಹಾದಿ ಮುಚ್ಚಿತು.

ಸುಪ್ರೀಮ್ ಕೋರ್ಟ್ 2020ರ ಜನವರಿ 10ರಂದು ಅನುರಾಧಾ ಭಸಿನ್ ಪ್ರಕರಣದ ತೀರ್ಪಿನಲ್ಲಿ, ಅನಿರ್ದಿಷ್ಟ ಕಾಲದವರೆಗೆ ಅಂತರ್ಜಾಲವನ್ನು ಸ್ಥಗಿತಗೊಳಿಸುವಂತಿಲ್ಲ, ಸ್ಥಗಿತದ ಆದೇಶಗಳನ್ನು ಬಹಿರಂಗಪಡಿಸಬೇಕು ಎಂದು ಹೇಳಿತು. ಈ ತೀರ್ಪು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಆದೇಶದ ಪ್ರತಿ ಎಲ್ಲಿದೆ ಎಂದು ಜಿಲ್ಲಾಧಿಕಾರಿಯವರ ಕಚೇರಿಯಲ್ಲಿ ಕೇಳಿದವರು ಎಷ್ಟು ಮಂದಿ?

ಇಲ್ಲಿಯವರೆಗೆ ಹೇಳಿದ್ದನ್ನು ಓದಿ ನಮ್ಮ ಓದುಗರು ತಲೆದೂಗಬಹುದು. ಸರಕಾರವನ್ನು ಟೀಕಿಸುವುದು ಸುಲಭ. ಇನ್ನು ಮುಂದಿನ ಮಾತು ನಮಗೇ ಸಂಬಂಧಿಸಿದ್ದು.

ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಮಹಿಳಾ ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ ರಾತ್ರಿ 10ರ ವರೆಗೆ ಮೊಬೈಲ್ ಫೋನನ್ನು ಒಪ್ಪಿಸಬೇಕೆಂಬ ನಿಯಮವಿತ್ತು. ಓರ್ವ ಮುಸ್ಲಿಮ್ ವಿದ್ಯಾರ್ಥಿನಿ ಅದನ್ನು ಒಪ್ಪಲಿಲ್ಲ. ಓದಿಗೆ ತನಗೆ ಅಂತರ್ಜಾಲ ಬೇಕು ಎಂಬುದು ಆಕೆಯ ವಾದವಾಗಿತ್ತು. ಆಕೆಯನ್ನು ಹಾಸ್ಟೆಲ್‌ನಿಂದ ಹೊರಹಾಕಲಾಯಿತು. ಆಕೆ ಹೈಕೋರ್ಟಿನ ಮೆಟ್ಟಿಲೇರಿದಳು. 2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟ್, ಅಂತರ್ಜಾಲದ ಬಳಕೆಯು ಶಿಕ್ಷಣದ ಹಕ್ಕು ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ತೀರ್ಪಿತ್ತು, ಆಕೆಯನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಆ ತೀರ್ಪಿನಲ್ಲಿ ಮಾನವ ಹಕ್ಕು ಮಂಡಳಿಯ ನಿಲುವನ್ನು ಉಲ್ಲೇಖಿಸಲಾಗಿದೆ. ಜಿನೀವಾದ ಸಭಾಂಗಣದಲ್ಲಿ ಆಡಿದ ಮಾತುಗಳು ಕಾಗದಕ್ಕೇ ಸೀಮಿತ ಎಂದು ಹೇಳುವವರಿಗೆ ಕೋಝಿಕ್ಕೋಡಿನ ಈ ವಿದ್ಯಾರ್ಥಿನಿಯೇ ಉತ್ತರವಾಗಿದ್ದಾಳೆ.

ಈಗ ನಮ್ಮ ಮನೆಗಳನ್ನು ನೋಡೋಣ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಎಂದಾದರೂ ಅಂತರ್ಜಾಲ ಬಳಸಿದ ಪುರುಷರ ಪ್ರಮಾಣ ಶೇ. 62ರಷ್ಟಿದ್ದರೆ, ಮಹಿಳೆಯರದ್ದು ಶೇ. 35 ಮಾತ್ರ. ಈ ಅಂತರಕ್ಕೆ ಬಡತನವೊಂದೇ ಕಾರಣವೇ? ಒಂದೇ ಮನೆಯಲ್ಲಿ ಮಗನ ಕೈಯಲ್ಲಿ ಮೊಬೈಲ್ ಇರುತ್ತದೆ. ಅವನು ರಾತ್ರಿ ಎರಡು ಗಂಟೆಯವರೆಗೆ ಏನು ನೋಡುತ್ತಿದ್ದಾನೆಂದು ಯಾರೂ ಕೇಳುವುದಿಲ್ಲ. ಮಗಳು ವಿದ್ಯಾರ್ಥಿವೇತನದ ಅರ್ಜಿ ತುಂಬಬೇಕಾದರೆ ಅಣ್ಣನ ಬಿಡುವಿಗಾಗಿ ಕಾಯಬೇಕು. ಅರ್ಜಿಗೆ ಬರುವ ಗುಪ್ತ ಸಂಖ್ಯೆಯೂ ಅಣ್ಣನ ಮೊಬೈಲಿಗೇ ಬರುತ್ತದೆ. ಸರಕಾರ ಎರಡು ದಿನ ಅಂತರ್ಜಾಲ ಕಡಿದಾಗ ಅನ್ಯಾಯವೆನ್ನುವ ನಾವು, ಮಗಳಿಗೆ ವರ್ಷಗಟ್ಟಲೆ ಕಡಿದುದನ್ನು ಶಿಸ್ತು ಎನ್ನುತ್ತೇವೆ. ಇದು ನ್ಯಾಯವೇ?

ಹೆತ್ತವರ ಭಯವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. 2021ರ ಜುಲೈಯಲ್ಲಿ ಮತ್ತು 2022ರ ಜನವರಿಯಲ್ಲಿ ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಕದ್ದು, ಅವರನ್ನು 'ಹರಾಜಿ'ಗಿಟ್ಟಂತೆ ತೋರಿಸಿದ ನೀಚ ಕೃತ್ಯ ನಡೆಯಿತು. ಪತ್ರಕರ್ತೆಯರು, ವಕೀಲೆಯರು, ವಿದ್ಯಾರ್ಥಿನಿಯರು, ಹೀಗೆ ಮಾತನಾಡುವ ಮಹಿಳೆಯರನ್ನೇ ಅದಕ್ಕೆ ಆರಿಸಲಾಗಿತ್ತು. ಇನ್ನು, 2018ರ ಜುಲೈಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿಯು ಬೀದರ್ ಜಿಲ್ಲೆಯಲ್ಲಿ ಓರ್ವ ಯುವ ಇಂಜಿನಿಯರ್‌ನ ಪ್ರಾಣವನ್ನೇ ತೆಗೆಯಿತು. ಇದೇ ಮಾಧ್ಯಮದಲ್ಲಿ ಅಶ್ಲೀಲತೆಯಿದೆ, ವಂಚನೆಯಿದೆ, ದ್ವೇಷವಿದೆ.

ಆದರೆ ಪರಿಹಾರವೇನು? ಮುಸ್ಲಿಮ್ ಮಹಿಳೆಯರು ಬಾಯಿ ಮುಚ್ಚಿಕೊಂಡು ಮರೆಯಾಗಬೇಕು ಎಂಬುದೇ ಆ 'ಹರಾಜು' ಹಾಕಿದವರ ಬಯಕೆಯಾಗಿತ್ತು. ಮಗಳ ಕೈಯಿಂದ ಮೊಬೈಲ್ ಕಿತ್ತುಕೊಂಡರೆ ಆ ಬಯಕೆಯನ್ನು ನಾವೇ ಈಡೇರಿಸಿದಂತಾಗುವುದಿಲ್ಲವೇ? ಆಗ ಈ ಮಹಿಳೆಯರಲ್ಲಿ ಹಲವರು ಪೊಲೀಸರಿಗೆ ದೂರು ನೀಡಿ ಎದುರು ನಿಂತರು, ಬಂಧನಗಳೂ ನಡೆದವು. ಎಪಿಸಿಯ ಮಹಿಳಾ ವಿಭಾಗವು 2006ರಿಂದ 'ಟೇಕ್ ಬ್ಯಾಕ್ ದ ಟೆಕ್' ಎಂಬ ಅಭಿಯಾನವನ್ನು ನಡೆಸುತ್ತಾ ಬಂದಿರುವುದು ಈ ವಿಚಾರಕ್ಕಾಗಿಯೇ. ಹಿಂಸೆಗೆ ಹೆದರಿ ಹೆಣ್ಣು ತಂತ್ರಜ್ಞಾನವನ್ನು ಬಿಟ್ಟು ಹೋಗಬಾರದು, ತನ್ನನ್ನು ರಕ್ಷಿಸಿಕೊಳ್ಳುವ ವಿಧಾನವನ್ನು ಕಲಿತು ಅದನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು ಎಂಬುದು ಅದರ ತಿರುಳು.

ನಿಷೇಧದಿಂದ ಏನಾಗುತ್ತದೆ ಎಂಬುದಕ್ಕೆ ನೆರೆಯ ಪಾಕಿಸ್ತಾನವೇ ಸಾಕ್ಷಿ. ಪ್ರವಾದಿಯವರನ್ನು ನಿಂದಿಸುವ ಹೇಯ ವೀಡಿಯೊ ಒಂದರ ಕಾರಣಕ್ಕೆ 2012ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಯೂಟ್ಯೂಬ್ ಅನ್ನೇ ನಿಷೇಧಿಸಲಾಯಿತು. ಮುಸ್ಲಿಮರಿಗೆ ಆದ ನೋವು ಸಹಜವಾಗಿತ್ತು. ಆದರೆ ನಿಷೇಧ 2016ರ ಜನವರಿಯವರೆಗೂ ಮುಂದುವರಿಯಿತು. ಆ ವೀಡಿಯೊ ಮಾಡಿದವನಿಗೆ ಇದರಿಂದ ಯಾವ ನಷ್ಟವೂ ಆಗಲಿಲ್ಲ. ನಷ್ಟವಾದದ್ದು ಪಾಠಗಳನ್ನು ನೋಡಿ ಕಲಿಯಬೇಕಾಗಿದ್ದ ಲಾಹೋರ್, ಕರಾಚಿಯ ವಿದ್ಯಾರ್ಥಿಗಳಿಗೆ. ಇದರ ವಿರುದ್ಧ 2013ರಲ್ಲಿ ಲಾಹೋರ್ ಹೈಕೋರ್ಟಿಗೆ ಹೋದ 'ಬೈಟ್ಸ್ ಫಾರ್ ಆಲ್' ಕೂಡ ಎಪಿಸಿಯ ಸದಸ್ಯ ಸಂಸ್ಥೆಯೇ.

ಎಪಿಸಿಯಂತಹ ಸಂಘಟನೆಗಳಲ್ಲಿ ಕೊರತೆಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. ಅವುಗಳ ಹಣದ ದೊಡ್ಡ ಪಾಲು ಪಾಶ್ಚಾತ್ಯ ನೆರವು ಸಂಸ್ಥೆಗಳಿಂದ ಬರುತ್ತದೆ. ಚರ್ಚೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ, ದೂರದ ನಗರಗಳ ಸಭಾಂಗಣಗಳಲ್ಲಿ ನಡೆಯುತ್ತವೆ. ಅವರ ಸನ್ನದನ್ನು ಜಾರಿಗೊಳಿಸುವ ಪೊಲೀಸರಿಲ್ಲ, ನ್ಯಾಯಾಲಯವಿಲ್ಲ. ಅವರ ಎಲ್ಲ ನಿಲುವುಗಳನ್ನು ನಾವು ಒಪ್ಪಬೇಕಾಗಿಯೂ ಇಲ್ಲ. ಆದರೆ ಒಂದು ಪಾಠವನ್ನು ಅವರಿಂದ ಕಲಿಯಲೇಬೇಕು. ಹಕ್ಕನ್ನು ಕೇಳುವ ಕೆಲಸ ಮತ್ತು ತಂತಿ ಎಳೆದು ಕಲಿಸುವ ಕೆಲಸ ಎರಡನ್ನೂ ಅವರು ಜೊತೆಯಾಗಿ ಮಾಡಿದರು. ನಾವು ಹೇಳಿಕೆ ಕೊಟ್ಟು ಸುಮ್ಮನಾಗುತ್ತೇವೆ.

ನಮ್ಮ ಪಟ್ಟಣಗಳ ಜಮಾಅತ್‌ಗಳಿಗೆ ಸಭಾಂಗಣಗಳಿವೆ, ಶಾದಿಮಹಲ್‌ಗಳಿವೆ, ಶಾಲೆಗಳಿವೆ. ಅವು ವಾರದ ಹೆಚ್ಚಿನ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಅಲ್ಲಿ ನಾಲ್ಕು ಕಂಪ್ಯೂಟರ್‌ಗಳನ್ನಿಟ್ಟು, ಹೆಣ್ಣು ಮಕ್ಕಳಿಗೂ ತಾಯಂದಿರಿಗೂ ನಿಗದಿತ ಸಮಯವನ್ನಿಟ್ಟು, ಅರ್ಜಿ ತುಂಬುವುದನ್ನು, ಗುಪ್ತಪದ ಕಾಪಾಡುವುದನ್ನು, ಸುದ್ದಿಯನ್ನು ಪರಿಶೀಲಿಸುವುದನ್ನು, ಕಿರುಕುಳವಾದರೆ ಸಾಕ್ಷ್ಯ ಉಳಿಸಿಕೊಂಡು ದೂರು ಕೊಡುವುದನ್ನು ಕಲಿಸಲು ಯಾವ ವಿದೇಶಿ ನೆರವೂ ಬೇಕಾಗಿಲ್ಲ. ನಮ್ಮ ನಡುವಿನ ವಕೀಲರು ಸ್ಥಗಿತದ ಆದೇಶಗಳನ್ನು ಕೇಳಿ ಪಡೆಯುವ ಹೊಣೆ ಹೊರಲಿ. ಮನೆಯಲ್ಲಿ ಮೊಬೈಲಿಗೆ ನಿಯಮವಿರಲಿ, ಆದರೆ ಅದು ಮಗನಿಗೂ ಮಗಳಿಗೂ ಒಂದೇ ಆಗಿರಲಿ.

ಸರಾಯೆವೊದ ತಾಯಂದಿರು ಒಂದು ಪತ್ರಕ್ಕಾಗಿ ದಿನಗಟ್ಟಲೆ ಕಾದರು. ಅವರ ಹಾದಿಯನ್ನು ಮುಚ್ಚಿದ್ದು ಶತ್ರುಗಳ ಫಿರಂಗಿ. ನಮ್ಮ ಹೆಣ್ಣು ಮಕ್ಕಳ ಹಾದಿಯನ್ನು ಮುಚ್ಚಿರುವ ಬೀಗದ ಕೀಲಿಕೈ ನಮ್ಮದೇ ಜೇಬಿನಲ್ಲಿದೆ. ಅದನ್ನು ತೆರೆಯಲು ನಾವು ಯಾವ ನ್ಯಾಯಾಲಯದ ತೀರ್ಪಿಗಾಗಿ ಕಾಯುತ್ತಿದ್ದೇವೆ?