ಆಶಾಗೂ ಬೇಕು ಆಸರೆ

2020ರ ಏಪ್ರಿಲ್ ಮೊದಲ ವಾರ, ಬೆಂಗಳೂರಿನ ಹೆಗಡೆನಗರದ ಬಳಿ ಕೊರೊನಾ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯನ್ನು ಗುಂಪೊಂದು ಸುತ್ತುವರಿದು ಹಲ್ಲೆ ನಡೆಸಿ, ಮೊಬೈಲ್ ಕಿತ್ತುಕೊಂಡಿತು. ಅದೇ ತಿಂಗಳು ಆರೋಗ್ಯ ಸಿಬ್ಬಂದಿಯ ರಕ್ಷಣೆಗೆ ಕೇಂದ್ರದ ಸುಗ್ರೀವಾಜ್ಞೆ ಬಂತು. ರಾಜ್ಯದಲ್ಲಂತೂ 2009ರಿಂದಲೇ ಕಾಯ್ದೆ ಇದೆ: ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈಮಾಡಿದರೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಎಂದು 2009ರಲ್ಲಿ ಅದು ಹೇಳಿತ್ತು.

ಕಾಯ್ದೆಯ ಫಲಕ ಗೋಡೆಯ ಮೇಲಿದ್ದರೆ ಸಾಲದು. ಶಿವಾಜಿನಗರದ ಬೌರಿಂಗ್‌ನಂಥ ದೊಡ್ಡಾಸ್ಪತ್ರೆಗಳ ತುರ್ತು ವಿಭಾಗದಲ್ಲಿ ನಡುರಾತ್ರಿ ಜನರ ಸಿಟ್ಟಿಗೆ ಮೊದಲು ಸಿಗುವವರು ನರ್ಸ್‌ಗಳು, ಕಿರಿಯ ವೈದ್ಯರು. ಹಾಸಿಗೆಯ ಕೊರತೆಗೆ ಅವರು ಹೊಣೆಯಲ್ಲ. ರೋಗಿಯ ಕಡೆಯವರ ಆತಂಕವೂ ನಿಜವೇ. ಅವರಿಗೆ ಸಮಾಧಾನದಿಂದ ಸ್ಥಿತಿ ವಿವರಿಸುವ ಒಬ್ಬರು ರಾತ್ರಿ ಪಾಳಿಯಲ್ಲೂ ಇರಲೇಬೇಕು. ಪೆಟ್ಟು ತಿಂದವರನ್ನು ಠಾಣೆಗೆ ಅಲೆಸದೆ ಆಸ್ಪತ್ರೆಯ ಆಡಳಿತವೇ ದೂರು ಕೊಡಬೇಕು. ಒಬ್ಬಂಟಿಯಾಗಿ ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಗೆ ಸರ್ಕಾರ ಜೊತೆಗೊಬ್ಬರನ್ನು ಕೊಡಲಿ.