ಹುಬ್ಬಳ್ಳಿಯ ನಳ, ಕಲಘಟಗಿಯ ಕಾಡು

ನಾವು ನಗರದವರೂ ಹೌದು, ಕಾಡಂಚಿನವರೂ ಹೌದು. ನಮ್ಮಲ್ಲಿ ಕೆಲವರು ನೀರು ಬಿಡುವ ದಿನ ಕೊಡ, ಬಕೆಟ್ಟು, ಡ್ರಮ್ಮು ಸಾಲಾಗಿಟ್ಟು, ಮುಂದಿನ ಪಾಳಿ ಯಾವಾಗ ಎಂದು ವಾಲ್ವ್‌ಮನ್‌ಗೆ ಫೋನು ಹಚ್ಚುವವರು. ಕೆಲವರು ಆ ನೀರು ಹುಟ್ಟುವ ಸೀಮೆಯಲ್ಲಿ ಎಮ್ಮೆ ಮೇಯಿಸುವವರು, ಜೇನು ಬಿಚ್ಚುವವರು, ಗದ್ದೆ ಮಾಡುವವರು. ಇಷ್ಟು ದಿನ ನಮ್ಮನ್ನು ಬೇರೆ ಬೇರೆ ಕಚೇರಿಗಳ ಮುಂದೆ ನಿಲ್ಲಿಸಲಾಗಿತ್ತು. ಇನ್ನು ಒಂದೇ ಕಡೆ ಕೂಡುತ್ತೇವೆ.

ಹಳೆಯ ವ್ಯವಸ್ಥೆ ಸೋತಿದೆ. ಒಂದು ವರ್ಷ ಬೆಣ್ಣಿಹಳ್ಳ ಉಕ್ಕಿ ನವಲಗುಂದದ ಎರಿ ಹೊಲಗಳನ್ನು ಮುಳುಗಿಸುತ್ತದೆ, ಇನ್ನೊಂದು ವರ್ಷ ಮಳೆ ಕೈಕೊಟ್ಟು ನೀರಸಾಗರ ಜಲಾಶಯದ ತಳ ಕಾಣುತ್ತದೆ. ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಜವಾಬ್ದಾರಿ ಪಾಲಿಕೆಯ ಗಡಿಗೆ ಮುಗಿಯುತ್ತದೆ. ನೀರಿಗೆ ಆ ಗಡಿ ಗೊತ್ತಿಲ್ಲ. ಮಲಪ್ರಭೆ ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥದಲ್ಲಿ ನಿಂತು, ಅಮ್ಮಿನಬಾವಿಯಲ್ಲಿ ಶುದ್ಧವಾಗಿ ನಮ್ಮ ಓಣಿಗೆ ಬರುತ್ತಾಳೆ. ನೀರಸಾಗರ ಇರುವುದು ಕಲಘಟಗಿ ತಾಲೂಕಿನಲ್ಲಿ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬಂದರೂ (ಬರಲಿ, ನಮ್ಮ ತಕರಾರಿಲ್ಲ) ಕುಡಿಯುವ ನೀರು ಬರುವುದು ಇದೇ ಊರುಗಳಿಂದ.

ಆ ಊರುಗಳ ಜನರನ್ನು ಹಳೆಯ ವ್ಯವಸ್ಥೆ ಅತಿಕ್ರಮಣದಾರರೆಂದು ಕರೆಯಿತು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2020ರಲ್ಲಿ. ಪಕ್ಕದ ಉತ್ತರ ಕನ್ನಡದ ಸಿದ್ದಿಗಳು 2003ರಲ್ಲೇ ಸೇರಿದ್ದರು. ಜಿಲ್ಲೆಯ ಗೆರೆ ದಾಟಿದ್ದಕ್ಕೆ 17 ವರ್ಷದ ದಂಡ! ಎಮ್ಮೆ ಸಾಕುವ ಗೌಳಿಗಳಿಗೆ ಆ ಪಟ್ಟಿಯೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸ ತೋರಿಸಬೇಕು. ಕಾಗದವನ್ನೇ ಕಾಣದ ದಡ್ಡಿಯಲ್ಲಿ (ಗೌಳಿಗಳ ವಸತಿಯಲ್ಲಿ) ಕಾಗದ ಕೇಳುವ ಅಧಿಕಾರಿಗಳಿಗೆ ನೆನಪಿಸುತ್ತೇವೆ: ಹಿರಿಯರ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವರ ಜಾಗ ಎಲ್ಲವನ್ನೂ ಆ ಕಾಯ್ದೆಯ ನಿಯಮಗಳೇ ಸಾಕ್ಷ್ಯವೆಂದು ಒಪ್ಪುತ್ತವೆ.

ನೆಲದ ಹಕ್ಕು ಬೇರೆ, ಹವಾಮಾನದ ಕೆಲಸ ಬೇರೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಎರಡೂ ಒಂದೇ ಎಂಬುದು ಈ ಸೀಮೆಗೆ ಹಿಂದೆಯೇ ತಿಳಿದಿತ್ತು. 1984ರಲ್ಲಿ ಸರಕಾರ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೊಂದಿಗೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿತು. ಸುಮಾರು 30,000 ಹೆಕ್ಟೇರ್ ಗೋಮಾಳ, ಕುರುಚಲು ಕಾಡನ್ನು ನೀಲಗಿರಿಗೆ ಕೊಡಲು ಹೊರಟಿತು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಅದೇ ನೆಲದಲ್ಲಿ ತಮಗೆ ಬೇಕಾದ ಸಸಿ ಹಚ್ಚಿದರು. ಕಿತ್ತಿಕೊ-ಹಚ್ಚಿಕೊ ಎಂದೇ ಅದಕ್ಕೆ ಹೆಸರು. 1991ರಲ್ಲಿ ಕಂಪನಿ ಮುಚ್ಚಿತು. ನಾವು ಆ ಕುಸನೂರಿನ ಮಕ್ಕಳು.

ಸಂವಿಧಾನದ 74ನೇ ತಿದ್ದುಪಡಿ ಜಿಲ್ಲಾ ಯೋಜನಾ ಸಮಿತಿಯನ್ನು ಕೊಟ್ಟಿದೆ. ಪಂಚಾಯತಿ, ನಗರಸಂಸ್ಥೆಗಳು ಕೂಡಿ ನೀರಿನ ಹಂಚಿಕೆ, ನೈಸರ್ಗಿಕ ಸಂಪನ್ಮೂಲ, ಪರಿಸರ ರಕ್ಷಣೆಯ ಯೋಜನೆ ಮಾಡಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಸಹಿ ಹಾಕಿ ಚಹಾ ಕುಡಿದು ಏಳುವ ಆ ಸಮಿತಿಯನ್ನು ನಾವು ನಿಜವಾದ ಸಭೆಯಾಗಿಸುತ್ತೇವೆ. ಪಾಲಿಕೆಯ ಬಜೆಟ್ಟಿನಲ್ಲಿ ಜಲಾನಯನದ ಹಳ್ಳಿಗಳಿಗೆ ಪಾಲು ಇರಲಿದೆ. ಸಾಮುದಾಯಿಕ ಅರಣ್ಯ ಹಕ್ಕು ಪಡೆದ ಗ್ರಾಮಸಭೆಯೇ ಕಾಡು ಕಾಯುವ ಮೊದಲ ಸಂಸ್ಥೆಯಾಗಲಿದೆ. ಅದರ ಒಪ್ಪಿಗೆಯಿಲ್ಲದೆ ನಗರದ ಹೆಸರಿನಲ್ಲಿ ಅಲ್ಲಿ ಒಂದು ಗುಂಡಿಯನ್ನೂ ತೋಡಲು ಬಿಡುವುದಿಲ್ಲ. ಉಣಕಲ್, ಕೆಲಗೇರಿ, ಸಾಧನಕೇರಿ ಕೆರೆಗಳನ್ನು ನಗರ ತಾನೇ ಶುದ್ಧವಾಗಿಟ್ಟುಕೊಳ್ಳಲಿದೆ. ಮನೆಯ ಕೆರೆ ಕೆಡಿಸಿಕೊಂಡು ಕಾಡಿನ ನೀರು ಕೇಳುವ ಮುಖ ನಮಗೆ ಬೇಡ.

ಬನ್ನಿ, ಸಂಗಾತಿಗಳೇ. ನಗರದವರು ತಮ್ಮ ವಾರ್ಡಿನ ನೀರಿನ ಪಾಳಿಯ ಲೆಕ್ಕ ತನ್ನಿ, ಕಾಡಂಚಿನವರು ಹಕ್ಕಿನ ಅರ್ಜಿಯ ಪ್ರತಿ ತನ್ನಿ. ಎರಡನ್ನೂ ಒಂದೇ ಕಡತದಲ್ಲಿ ಹಾಕಿ ಜಿಲ್ಲಾ ಯೋಜನಾ ಸಮಿತಿಗೆ ಕೊಡುವುದು ನಮ್ಮ ಮೊದಲ ಕೆಲಸ. ಮೊದಲ ಸಭೆ ಕಲಘಟಗಿ ತಾಲೂಕಿನ ದಡ್ಡಿಯೊಂದರಲ್ಲಿ. ಪಾಲಿಕೆ ಸದಸ್ಯರಿಗೆ ಬಸ್ಸಿನ ವ್ಯವಸ್ಥೆ ನಾವೇ ಮಾಡುತ್ತೇವೆ.