ಪಿಎಚ್‌ಪಿಯನ್ನು ಸಾಯಿಸುವ ಆತುರವೇಕೆ?

“ಪಿಎಚ್‌ಪಿಯನ್ನು ಈಗ ಯಾರು ಮುಟ್ಟುತ್ತಾರೆ?” ಎಂಬ ಮಾತು ಬೆಂಗಳೂರಿನ ಸಾಫ್ಟ್‌ವೇರ್ ವಲಯದಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ನಾವೆಲ್ಲರೂ, ದಿನವೂ ಮುಟ್ಟುತ್ತೇವೆ. ಕನ್ನಡ ವಿಕಿಪೀಡಿಯವೂ ಸೇರಿದಂತೆ ಇಡೀ ವಿಕಿಪೀಡಿಯ ನಿಂತಿರುವುದು ಪಿಎಚ್‌ಪಿ ಎಂಬ ಈ ಪ್ರೋಗ್ರಾಮಿಂಗ್ ಭಾಷೆಯ ಮೇಲೆ. ವೂಕಾಮರ್ಸ್ ಎಂಬ ತಂತ್ರಾಂಶ ಹಾಕಿಕೊಂಡ ಅಸಂಖ್ಯ ಆನ್‌ಲೈನ್ ಅಂಗಡಿಗಳದ್ದೂ ಅದೇ ಕಥೆ. ಬುಕಿಂಗ್ ಡಾಟ್ ಕಾಮ್ ಬೆಳೆದದ್ದು 1987ರಲ್ಲಿ ಹುಟ್ಟಿದ ಪರ್ಲ್ ಭಾಷೆಯಲ್ಲಿ. ಭಾಷೆಯ ವಯಸ್ಸು ನೋಡಿ ಸೈಟಿನ ಯೋಗ್ಯತೆ ಅಳೆಯುವುದು ತಪ್ಪು.

ಫೇಸ್‌ಬುಕ್ಕನ್ನೇ ನೋಡಿ. 2004ರಲ್ಲಿ ಪಿಎಚ್‌ಪಿಯಲ್ಲಿ ಶುರುವಾಯಿತು. ಬಳಕೆದಾರರು ಕೋಟಿಗಟ್ಟಲೆಯಾಗಿ ಸರ್ವರ್‌ಗಳು ಏದುಸಿರು ಬಿಟ್ಟಾಗಲೂ ಅದರ ಎಂಜಿನಿಯರುಗಳು ಇದ್ದ ಕೋಡನ್ನು ಎಸೆಯಲಿಲ್ಲ. ಪಿಎಚ್‌ಪಿಯನ್ನು ಸಿ++ಗೆ ಪರಿವರ್ತಿಸುವ ಹಿಪ್‌ಹಾಪ್ ಎಂಬ ಸಾಧನವನ್ನು 2010ರಲ್ಲಿ ಹೊರತಂದರು. 2014ರಲ್ಲಿ ಹ್ಯಾಕ್ ಎಂಬ ಭಾಷೆ ತಂದು, ಹಳೆಯ ಕೋಡಿನ ಪಕ್ಕದಲ್ಲೇ ಹೊಸದನ್ನು ಕೂರಿಸಿದರು. ಇತ್ತ ಪಿಎಚ್‌ಪಿಯೂ ಸುಮ್ಮನಿರಲಿಲ್ಲ. 2015ರ ಏಳನೇ ಆವೃತ್ತಿಯಲ್ಲಿ ಅದರ ವೇಗ ಎಷ್ಟೋ ಕಡೆ ಎರಡು ಪಟ್ಟಾಯಿತು. ಸೊನ್ನೆಯನ್ನೂ “ಹಣ್ಣು” ಎಂಬ ಪದವನ್ನೂ ಹೋಲಿಸಿದರೆ ‘ಎರಡೂ ಸಮ’ ಎನ್ನುತ್ತಿದ್ದ ಭಾಷೆ, 2020ರ ಎಂಟನೇ ಆವೃತ್ತಿಯಲ್ಲಿ ಆ ಅವಾಂತರವನ್ನು ತಿದ್ದಿಕೊಂಡಿತು.

ಹಳೆಯ ಭಾಷೆ ಬಲ್ಲವರು ಸಿಗುವುದಿಲ್ಲ ಎಂಬ ವಾದವನ್ನು ಮಾತ್ರ ತಳ್ಳಿಹಾಕಲಾಗದು. 2020ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಎಂಬ ಹಳೆಯ ಭಾಷೆ ಬಲ್ಲವರು ಬೇಕೆಂದು ಬಹಿರಂಗವಾಗಿಯೇ ಕೇಳಬೇಕಾಯಿತು. ಭದ್ರತೆಯ ಆತಂಕವೂ ಸುಳ್ಳಲ್ಲ: ಪಿಎಚ್‌ಪಿ 5.6ಕ್ಕೆ ಭದ್ರತಾ ತಿದ್ದುಪಡಿಗಳು 2018ಕ್ಕೇ ನಿಂತಿವೆ. ಇನ್ನೂ ಅದರಲ್ಲೇ ಗ್ರಾಹಕರ ಮಾಹಿತಿ ಇಟ್ಟುಕೊಂಡವರನ್ನು ನಾನು ಸಮರ್ಥಿಸಲಾರೆ. ಆದರೆ ಇವೆರಡೂ ಮಾಲೀಕರ ಉದಾಸೀನದ ಫಲ. ಕಲಿಸಲಿಲ್ಲ, ಅಪ್‌ಡೇಟ್ ಮಾಡಲಿಲ್ಲ. ರೆಸ್ಯೂಮೆಯಲ್ಲಿ ಹಳೆಯ ಭಾಷೆ ಚೆನ್ನಾಗಿ ಕಾಣದು ಎಂಬ ವಾದಕ್ಕೆ ಉತ್ತರವೂ ಬೇಡ.

ಹಳೆಯ ಕೋಡಿನಲ್ಲಿ ವಿಚಿತ್ರವಾಗಿ ಕಾಣುವ ಒಂದು ‘ಇಫ್’ ಸಾಲು, ಯಾರದೋ ಖಾತೆಯಿಂದ ಎರಡು ಸಲ ದುಡ್ಡು ಕಡಿತವಾದ ದಿನ ಸೇರಿದ್ದಿರಬಹುದು. ಎಲ್ಲವನ್ನೂ ಹೊಸದಾಗಿ ಬರೆಯುವವರು ಮೊದಲು ಅಳಿಸುವುದು ಆ ಸಾಲನ್ನೇ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಅಪಾಯಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಸಾಕ್ಷಿ. 2018ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ಗ್ರಾಹಕರ ಖಾತೆಗಳನ್ನು ಅದು ಹೊಸ ವ್ಯವಸ್ಥೆಗೆ ಸಾಗಿಸಲು ಹೋದಾಗ, ಸುಮಾರು 19 ಲಕ್ಷ ಗ್ರಾಹಕರು ತಮ್ಮ ಖಾತೆಯೊಳಗೆ ಹೋಗಲಾರದೆ ಪರದಾಡಿದರು. 2022ರಲ್ಲಿ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಬಿತ್ತು.

ಹೊಸ ಭಾಷೆಗಳನ್ನು ಖಂಡಿತ ಕಲಿಯಿರಿ. ಆದರೆ ಓಡುತ್ತಿರುವ ಸೈಟನ್ನು ಬುಡದಿಂದ ಬರೆಯೋಣ ಎಂದು ಯಾರಾದರೂ ಬಂದರೆ, ಹಳೆಯ ಕೋಡನ್ನು ಪೂರ್ತಿ ಓದಿದ್ದೀರಾ ಎಂದು ಮೊದಲು ಕೇಳಿ.